ಅಂಗಳದ ಬಲ್ಬು, ಅವ್ವನ ರೇಡಿಯೋ

ಸಂಜೆ ದೀಪ ಹಾಕಿದ ಕೂಡಲೇ ರೇಡಿಯೋ ಗೊರಗೊರ ಅನ್ನುವುದು ನಂಜನಗೂಡು, ತಿ. ನರಸೀಪುರ ಕಡೆಯ ನಮ್ಮ ಹಳ್ಳಿಗಳಲ್ಲಿ ಹೊಸತಲ್ಲ. ನಮ್ಮ ಅವ್ವನಿಗೆ ಓದು ಬಾರದು, ಮೊಬೈಲ್ ಒಗ್ಗದು. ಮಳೆ ಸುದ್ದಿ, ಕೃಷಿ ಮಾತು ಎಲ್ಲಕ್ಕೂ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯೇ ಗತಿ. "ಆ ದೀಪ ಆರ್ಸಪ್ಪ, ಏನೂ ಕೇಳ್ತಿಲ್ಲ" ಅನ್ನುತ್ತಿದ್ದಳು. ಆರಿಸುವುದೆಂತು? 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅಂದಿನಿಂದ ರಾತ್ರಿಯೆಲ್ಲ ಅಂಗಳದಲ್ಲಿ ಬೆಳಕು ಬೇಕೇ ಬೇಕು.

ಯಾಕೆ ಹೀಗೆ?

ಎಲ್‌ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇದೆ. ಹೆಚ್ಚಿನ ಬಲ್ಬುಗಳಲ್ಲಿ ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಬಿಟ್ಟು ಕಡಿಯುತ್ತದೆ. ಆ ಸದ್ದು ವೈರಿಗೆ ಹತ್ತಿ, ಮನೆಯ ವೈರಿಂಗೇ ಏರಿಯಲ್ ಆಗಿಬಿಡುತ್ತದೆ. ಇದನ್ನು ತಡೆಯಲು ಒಳ್ಳೆಯ ಬಲ್ಬಿನೊಳಗೆ ಸಣ್ಣ ಕಾಯಿಲ್, ಕೆಪಾಸಿಟರ್ ಇರುತ್ತವೆ. ಅಗ್ಗದವುಗಳಲ್ಲಿ ಅನೇಕ ವೇಳೆ ಅವೇ ಇರುವುದಿಲ್ಲ.

ಮೊದಲು ಕಳ್ಳನನ್ನು ಹಿಡಿಯಿರಿ

ರೇಡಿಯೋವನ್ನು ಸೆಲ್ ಮೇಲೆ ನಡೆಸಿ ಮೇನ್ ಸ್ವಿಚ್ ಆರಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಬಲ್ಬು, ಮೊಬೈಲ್ ಚಾರ್ಜರ್, ಫ್ಯಾನ್ ರೆಗ್ಯುಲೇಟರ್ ಒಂದೊಂದಾಗಿ ಹಾಕುತ್ತ ಹೋಗಿ. ಮೇನ್ ಆರಿಸಿದರೂ ಸದ್ದಿದ್ದರೆ ಅದು ಪಕ್ಕದ ಮನೆಯದು ಇಲ್ಲವೇ ಕಂಬದ್ದು. ಕಂಬದಲ್ಲಿ ಚಟಚಟ ಕೇಳಿದರೆ ಲೈನ್‌ಮನ್‌ಗೆ ತಿಳಿಸಿ. ನಮ್ಮಲ್ಲಿ ಸಿಕ್ಕಿದ್ದು ಅಂಗಳದ ಬಲ್ಬು.

ಖರ್ಚಿಲ್ಲದ ಉಪಾಯ

ರೇಡಿಯೋವನ್ನು ಬಲ್ಬು, ವೈರುಗಳಿಂದ ನಾಲ್ಕೈದು ಮಾರು ದೂರ ಇಡಿ. ಇದ್ದಲ್ಲೇ ನಿಧಾನ ತಿರುಗಿಸಿ. ಒಳಗಿನ ಫೆರೈಟ್ ಕಡ್ಡಿಯ ತುದಿ ಸದ್ದಿನ ಕಡೆ ಬಂದಾಗ ಗೊರಗೊರ ತಗ್ಗುತ್ತದೆ. ನಮ್ಮಲ್ಲಿ ಇಷ್ಟರಿಂದಲೇ ಸುದ್ದಿ ಅರ್ಥವಾಗುವಷ್ಟಾಯಿತು.

ಪೂರ್ತಿ ಹೋಗಲಾಡಿಸಲು ಬಲ್ಬನ್ನೇ ಬದಲಿಸಿದೆ. ಅಂಗಡಿಗೆ ಹೋಗುವಾಗ ಸೆಲ್ ರೇಡಿಯೋ ಒಯ್ಯಿರಿ. ಸ್ಟೇಷನ್ ಹಿಡಿದು, ಹತ್ತಿರದಲ್ಲೇ ಬಲ್ಬು ಉರಿಸಿ ಕೇಳಿ. ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು ಇರಲೇಬೇಕು. ಆದರೆ ಅದು ಮುಖ್ಯವಾಗಿ ಸುರಕ್ಷತೆಗೆ. ಸದ್ದಿಲ್ಲ ಅನ್ನೋದಕ್ಕೆ ನಿಮ್ಮ ಕಿವಿಯೇ ಸಾಕ್ಷಿ.

ಬಲ್ಬು ಬದಲಿಸಲಾಗದಿದ್ದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಫೆರೈಟ್ ಬಳೆ ಸಿಗುತ್ತದೆ. ಬಲ್ಬಿಗೆ ಹತ್ತಿರದಲ್ಲಿ ಫೇಸ್, ನ್ಯೂಟ್ರಲ್ ಎರಡೂ ವೈರನ್ನು ಜೊತೆಯಾಗಿ ಅದಕ್ಕೆ ಎಂಟು ಹತ್ತು ಸುತ್ತು ಸುತ್ತಿಸಬೇಕು. ಒಂದೇ ಸುತ್ತು ಮಧ್ಯಮ ತರಂಗಕ್ಕೆ ಸಾಲದು. ಇದು ವೈರ್‌ಮನ್ ಕೆಲಸ, ಮೇನ್ ಆರಿಸಿಯೇ ಆಗಬೇಕು.

ಮೈಸೂರು ಆಕಾಶವಾಣಿ 100.6 ಎಫ್‌ಎಂ ಚೆನ್ನಾಗಿ ಸಿಗುವ ಊರುಗಳಲ್ಲಿ ಈ ಕಾಟ ಬಹಳ ಕಡಿಮೆ.

ಇನ್ನೊಂದು ಮಾತು. ಗೊರಗೊರ ಒಂದೇ ಸಮ ಬಾರದೆ, ಹೋಲ್ಡರ್ ಅಲುಗಿದಾಗಲೆಲ್ಲ ಚಟಪಟ ಅಂದರೆ ಅದು ಬಲ್ಬಿನ ದೋಷವಲ್ಲ, ಸಡಿಲವಾದ ವೈರು. ಅಲ್ಲಿ ಕಿಡಿ ಹಾರುತ್ತಿರಬಹುದು. ಹುಲ್ಲಿನ ಮೆದೆ, ಕೊಟ್ಟಿಗೆ ಹತ್ತಿರವಿದ್ದರಂತೂ ಅವತ್ತೇ ಸರಿಮಾಡಿಸಿ.