ನಾಯಿ ಸತ್ತರೆ ಅಳೋದು ಸಿಟಿಯವರ ಶೋಕಿನಾ?

ಹದಿಮೂರು ವರ್ಷ ಜೊತೆಗಿದ್ದ ಗುಂಡ ಹೋದ ದಿನ, ಬಿಟಿಎಂ ಲೇಔಟ್‌ನ ನಮ್ಮ ಬಾಡಿಗೆ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ: ಎಲ್ಲಿ ಮಣ್ಣು ಮಾಡೋದು? ಬನಶಂಕರಿಯ ಅಜ್ಜಿ ಮನೆಗೆ ಹಿತ್ತಲಿತ್ತು. ಹಳೇ ನಾಯಿಯನ್ನು ಅಲ್ಲೇ ತೆಂಗಿನಮರದ ಬುಡದಲ್ಲಿ ಹೂತಿದ್ದೆವು. ಈಗ ಅಲ್ಲಿ ಅಪಾರ್ಟ್‌ಮೆಂಟ್. ಕೊನೆಗೆ ಊರಿನ ಇನ್ನೊಂದು ತುದಿಯ ಸುಮನಹಳ್ಳಿಯಲ್ಲಿರುವ ಪ್ರಾಣಿಗಳ ಚಿತಾಗಾರಕ್ಕೆ ಹೊರಟರೆ, ಮೂರು ಆಟೋದವರು ಬರಲ್ಲ ಅಂದರು. 'ನಾಯಿ ತಾನೇ, ಇನ್ನೊಂದು ತಗೊಳ್ಳಿ' ಎಂದರು ಪಕ್ಕದ ಮನೆಯವರು.

ಈ ದುಃಖ ಹೊಸ ಫ್ಯಾಷನ್ ಏನಲ್ಲ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲು ಇದೆ. ಮಂಡ್ಯ ಜಿಲ್ಲೆಯಲ್ಲಿ ಸಿಕ್ಕ ಈ ಶಾಸನ ಕ್ರಿ.ಶ. 949-50ರದ್ದು. ತಕ್ಕೋಲಂ ಯುದ್ಧದಲ್ಲಿ ಮೆರೆದ ಮಣಲೇರ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಅವನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟ. ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ.

ಆದರೆ ಕಾಳಿಗೆ ಕಲ್ಲು ಸಿಕ್ಕಿದ್ದು ಬರೀ ಪ್ರೀತಿಯಿಂದಲ್ಲ. ಒಡೆಯನ ಕೈಯಲ್ಲಿ ಭೂಮಿಯಿತ್ತು. ಇವತ್ತೂ ಅಷ್ಟೇ: ಸ್ವಂತ ಸೈಟು ಇದ್ದವರಿಗೆ ಹಿತ್ತಲು, ಕಾರಿದ್ದವರಿಗೆ ಸುಮನಹಳ್ಳಿ ಅಥವಾ ಕೆಂಗೇರಿಯ ಸಾಕುಪ್ರಾಣಿ ಸ್ಮಶಾನ. ಬಾಡಿಗೆದಾರರಿಗೆ? ಬೀದಿನಾಯಿಗೆ ದಿನಾ ಅನ್ನ ಹಾಕೋ ಹೂವಿನ ಅಂಗಡಿ ಅಮ್ಮನಿಗೆ?

ಪ್ರತಿ ವಲಯದಲ್ಲೂ ಒಂದು ಪ್ರಾಣಿ ಚಿತಾಗಾರ, ಒಂದು ಉಚಿತ ವಾಹನ ಬೇಕು. ಕಸ, ನೀರು, ರಸ್ತೆಯಂತೆ ಇದನ್ನೂ ಪಾಲಿಕೆಯಿಂದ ಕೇಳಿ ಪಡೆಯೋಣ. ಗುಂಡನ ಬೆಲ್ಟು ಇನ್ನೂ ಬಾಗಿಲ ಮೊಳೆಗೇ ನೇತಾಡ್ತಿದೆ.