‘ಡಿಮ್‌ಲಿ’ ಮತ್ತು ‘ಫೇಂಟ್‌ಲಿ’: ಅರ್ಥಭೇದದ ಒಂದು ವಿವೇಚನೆ

ಇಂಗ್ಲಿಷಿನ ‘ಡಿಮ್‌ಲಿ’, ‘ಫೇಂಟ್‌ಲಿ’ ಎಂಬ ಕ್ರಿಯಾವಿಶೇಷಣಗಳೆರಡನ್ನೂ ಕನ್ನಡಕ್ಕೆ ತರುವಾಗ ‘ಮಂದವಾಗಿ’ ಎಂಬ ಒಂದೇ ಪದವನ್ನು ಬಳಸುವುದುಂಟು. ಬೆಳಕು ಕಡಿಮೆ ಎಂಬಷ್ಟರ ಮಟ್ಟಿಗೆ ಇದು ಸರಿ. ಆದರೆ ಎರಡರ ಅರ್ಥದ ನೆಲೆಗಳು ಬೇರೆ ಬೇರೆ.

‘ಡಿಮ್’ ಪ್ರಾಚೀನ ಇಂಗ್ಲಿಷಿನ ಪದ; ಕತ್ತಲೆ, ಮಬ್ಬು ಅದರ ಹಳೆಯ ಅರ್ಥ. ‘ಫೇಂಟ್’ ಪ್ರಾಚೀನ ಫ್ರೆಂಚಿನಿಂದ ಬಂದುದು. ‘ನಟಿಸಿದ’ ಎಂಬ ಅರ್ಥದಿಂದ ಹೊರಟು ‘ಹುರುಪಿಲ್ಲದ’, ‘ಬಲಗುಂದಿದ’ ಎಂಬ ಅರ್ಥಗಳನ್ನು ಪಡೆಯಿತು. ಮೂರ್ಛೆಹೋಗುವುದನ್ನು ಹೇಳುವ ಕ್ರಿಯಾಪದವೂ ಅದೇ. ಆದುದರಿಂದ ಮೊದಲನೆಯದರಲ್ಲಿ ಅಸ್ಪಷ್ಟತೆಯೂ ಎರಡನೆಯದರಲ್ಲಿ ಶಕ್ತಿಯ ಕೊರತೆಯೂ ಪ್ರಧಾನ.

ಪ್ರಯೋಗದಲ್ಲಿ ಈ ಭೇದ ನಿಚ್ಚಳವಾಗುತ್ತದೆ. ದೂರದ ದನಿ, ಹೂವಿನ ಕಂಪು, ತುಟಿಯಂಚಿನ ನಗೆ ಇವುಗಳಿಗೆ ‘ಫೇಂಟ್‌ಲಿ’ ಸಹಜ, ‘ಡಿಮ್‌ಲಿ’ ಅಪರೂಪ. ಸಾಕಷ್ಟು ಬೆಳಕಿಲ್ಲದ ಕೋಣೆಗೂ ಮಾಸಿದ ನೆನಪಿಗೂ ‘ಡಿಮ್‌ಲಿ’ ಒಪ್ಪುತ್ತದೆ. ನಮ್ಮ ‘ಮಂಕು’ ದೀಪಕ್ಕೂ ಬುದ್ಧಿಗೂ ಸಲ್ಲುವಂತೆಯೇ ‘ಡಿಮ್’ ಕೂಡ ಎರಡಕ್ಕೂ ಸಲ್ಲುತ್ತದೆ.

ಈ ಭೇದವನ್ನು ಉಳಿಸಿಕೊಳ್ಳಲು ಕನ್ನಡದಲ್ಲಿ ಪದಗಳಿವೆ. ‘ಡಿಮ್‌ಲಿ’ಗೆ ‘ಮಬ್ಬಾಗಿ’, ‘ಮಸುಕಾಗಿ’. ‘ಫೇಂಟ್‌ಲಿ’ಗೆ ‘ಕ್ಷೀಣವಾಗಿ’, ‘ಸಣ್ಣಗೆ’. ದೀಪವೂ ಸಣ್ಣಗೆ ಉರಿಯುತ್ತದೆ, ದನಿಯೂ ಸಣ್ಣಗೆ ಕೇಳಿಸುತ್ತದೆ.

ಕಥೆಯೊಂದರಲ್ಲಿ ಮರಣಶಯ್ಯೆಯಲ್ಲಿರುವವನು ದೀಪವನ್ನು ‘ಡಿಮ್‌ಲಿ’ ಕಂಡನೆಂದರೆ ಕುಂದಿರುವುದು ಅವನ ದೃಷ್ಟಿ. ದೀಪವೇ ‘ಫೇಂಟ್‌ಲಿ’ ಉರಿಯಿತೆಂದರೆ ಕುಂದಿರುವುದು ಅದರ ಎಣ್ಣೆ. ಎರಡು ಕಡೆಯೂ ‘ಮಂದವಾಗಿ’ ಎಂದು ಬರೆದ ಅನುವಾದದಲ್ಲಿ ಆರುತ್ತಿರುವುದು ಯಾವುದೆಂಬುದು ಓದುಗನಿಗೆ ತಿಳಿಯದೆ ಹೋಗುತ್ತದೆ.