ಕರೆಂಟ್ ಕೊಡದೆಯೂ ಓಡಿದ ಚಿಪ್

“ಕಂಪ್ಯೂಟರಿಗೆ ಫ್ಯಾನ್ ಇದೆ, ಮೊಬೈಲಿಗೆ ಯಾಕಿಲ್ಲ ಸಾರ್?” ಎಂದು ಮಕ್ಕಳು ಕೇಳಿದರೆ ಈ ಕಥೆ ಹೇಳಿ.

1985ರ ಏಪ್ರಿಲ್ 26ರಂದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದ ಏಕಾರ್ನ್ ಕಂಪನಿಯಲ್ಲಿ ಮೊದಲ ಆರ್ಮ್ ಚಿಪ್ ಕೆಲಸ ಮಾಡಿತು. ರೂಪಿಸಿದವರು ಸೋಫಿ ವಿಲ್ಸನ್, ಸ್ಟೀವ್ ಫರ್ಬರ್. ಎಷ್ಟು ವಿದ್ಯುತ್ ಬೇಕೆಂದು ಫರ್ಬರ್ ಅಳೆದರೆ ಅಮ್ಮೀಟರ್ ಸೊನ್ನೆ ತೋರಿಸಿತು. ಚಿಪ್ ಮಾತ್ರ ಓಡ್ತಾನೇ ಇತ್ತು! ನೋಡಿದರೆ ಅದಕ್ಕೆ ವಿದ್ಯುತ್ ಸಂಪರ್ಕವೇ ಆಗಿರಲಿಲ್ಲ. ಪಕ್ಕದ ಬಿಡಿಭಾಗಗಳಿಂದ ಸಂಕೇತದ ತಂತಿಗಳಲ್ಲಿ ಸೋರಿ ಬಂದಷ್ಟೇ ಸಾಕಾಗಿತ್ತು.

ಗುಟ್ಟು ಸರಳತೆ: ಸುಮಾರು 25,000 ಟ್ರಾನ್ಸಿಸ್ಟರ್, ಕೆಲವೇ ಸುಲಭ ಆದೇಶಗಳು. ಆಗ ಮೊಬೈಲಿನ ಯೋಚನೆ ಇರಲಿಲ್ಲ. ಅಗ್ಗದ ಪ್ಲಾಸ್ಟಿಕ್ ಕವಚ ತಾಳುವಂತೆ ಚಿಪ್ ಬಿಸಿಯಾಗಬಾರದು, ಅಷ್ಟೆ. ಖರ್ಚು ಉಳಿಸಲು ಹಿಡಿದ ಈ ದಾರಿಯೇ ಮುಂದೆ ಬ್ಯಾಟರಿಯನ್ನೂ ಉಳಿಸಿತು. ಇವತ್ತು ಹೆಚ್ಚುಕಡಿಮೆ ಎಲ್ಲ ಮೊಬೈಲಲ್ಲೂ ಇರೋದು ಅದೇ ವಂಶದ ಚಿಪ್.